ಬಯಾಪ್ಸಿ ಕೋಣೆಯಲ್ಲಿ ಮೂರು ಸಲ ಕೇಳಿದ್ದು

ಹಸಿರು ಪರದೆಯ ಹನ್ನೊಂದು ಕೊಂಡಿಗಳಲ್ಲಿ ಮೂರು ಕಳಚಿಕೊಂಡಿದ್ದವು. ಅಲ್ಲಿ ಬಟ್ಟೆ ಜೋತುಬಿದ್ದು ಆಚೆಗಿನ ಅಲ್ಟ್ರಾಸೌಂಡ್ ಯಂತ್ರದ ಬೆಳಕು ಕಾಣುತ್ತಿತ್ತು. ನಾನು ಸ್ಟೂಲನ್ನು ತಿರುಗಿಸಿಕೊಂಡು, ಆ ಕಂಡಿಗೆ ಬೆನ್ನು ಮಾಡಿ, ಮಾವನವರ ಮುಖದ ಕಡೆ ಮಾತ್ರ ನೋಡುತ್ತ ಕುಳಿತೆ. ಪರದೆ ಅವರ ಎದೆಯ ಮಟ್ಟಕ್ಕೆ ಇಳಿಬಿದ್ದಿತ್ತು. ಈಚೆಗೆ ಅವರ ತಲೆ, ಎರಡು ಕೈ ಮತ್ತು ನಾನು. ಆಚೆಗೆ ಉಳಿದ ಅವರು, ಡಾಕ್ಟರು, ನರ್ಸು.

ಇದನ್ನು ಕೆಲಸ ಎನ್ನಬಹುದೋ ಇಲ್ಲವೋ ನನಗೆ ಈಗಲೂ ಸ್ಪಷ್ಟವಿಲ್ಲ. ಇಪ್ಪತ್ತೆರಡು ವರ್ಷದಿಂದ ಮನೆ ನಡೆಸುತ್ತಿರುವ ನನಗೆ ಯಾರೂ ಯಾವತ್ತೂ ಒಂದು ಹುದ್ದೆಯ ಹೆಸರು ಕೊಟ್ಟಿರಲಿಲ್ಲ. ಆ ಬೆಳಿಗ್ಗೆ ಮಾತ್ರ ನರ್ಸು ಫಾರ್ಮಿನಲ್ಲಿ ನನ್ನ ಹೆಸರು ಬರೆಸಿಕೊಂಡು, ಅದರ ಮುಂದೆ ‘ದುಭಾಷಿ’ ಎಂದು ತುಂಬಿಸಿದಳು. ನಾನು ಸಹಿ ಮಾಡಿದೆ. ಅಕ್ಷರ ದುಂಡಾಗಿ ಬಂತು, ಕಾನ್ವೆಂಟಿನವರು ತಿದ್ದಿಸಿದ ಹಾಗೆ.

ಮಾವನವರು ಗುಳೇದಗುಡ್ಡದ ಖಣದ ವ್ಯಾಪಾರಿ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅತ್ತೆಯೊಂದಿಗೆ ಪುಣೆ ಹತ್ತಿರದ ನಿಗಡಿಯ ನಮ್ಮ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಪುಣೆಯ ಅಂಗಡಿಯವರಿಗೆ ಖಣ ಮಾರಿ ಮಾರಿ ಅವರಿಗೆ ಮರಾಠಿ ಬರುತ್ತಿತ್ತು, ಆದರೆ ಅದು ಅಂಗಡಿಯ ಮರಾಠಿ. ದಡಿ, ಬಣ್ಣ, ಅಳತೆ, ನಾಳೆ ಬಾ. ಮೈಯ ವಿಷಯಕ್ಕೆ ಅದರಲ್ಲಿ ಮಾತುಗಳಿರಲಿಲ್ಲ. ಡಾಕ್ಟರು ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸುವವರು. ನನ್ನ ಗಂಡನಿಗೆ ತಳೇಗಾಂವದ ಕಾರ್ಖಾನೆಯಲ್ಲಿ ಅಂದು ಹೊರಗಿನ ತಪಾಸಣೆಯವರು ಬರುವವರಿದ್ದರು, ರಜೆ ಸಿಗಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ ಸೊಸೆ ಇದ್ದಾಳಲ್ಲ ಎಂದು ನಾನೇ ಹೋದೆ.

ರಕ್ತದ ಪರೀಕ್ಷೆಯಲ್ಲಿ ಒಂದು ಅಂಕಿ ಏರಿತ್ತು. ಸ್ಕ್ಯಾನಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಎಡಭಾಗದಲ್ಲಿ ತೊಗರಿಕಾಳಿನಷ್ಟು ಮಸುಕು ಕಂಡಿತ್ತು. ಅದು ಕ್ಯಾನ್ಸರೋ ಅಲ್ಲವೋ ತಿಳಿಯಬೇಕಾದರೆ ಗ್ರಂಥಿಯಿಂದ ಹನ್ನೆರಡು ಕಡೆ ದಾರದ ಎಳೆಯಂಥ ಚೂರುಗಳನ್ನು ಸೂಜಿಯಿಂದ ತೆಗೆದು ನೋಡಬೇಕು. ಬೆರಳಿಗಿಂತ ಸ್ವಲ್ಪ ದಪ್ಪದ ಅಲ್ಟ್ರಾಸೌಂಡ್ ಕೊಳವೆಯನ್ನು ಹಿಂಬದಿಯಿಂದ ಒಳಗಿಟ್ಟು, ಅದರ ಚಿತ್ರ ನೋಡುತ್ತ ಸೂಜಿ ಬಿಡುತ್ತಾರೆ. ಮಲಗಿಸುವ ಮೊದಲು, ಡಾಕ್ಟರ ಮೇಜಿನ ಮುಂದೆ, ಇದನ್ನು ಮಾವನವರಿಗೆ ನಾನು ಹೇಗೆ ಹೇಳಲಿ? ಇಂಗ್ಲಿಷಿನಲ್ಲಿ ಆ ಜಾಗದ ಹೆಸರು ಡಾಕ್ಟರ ಬಾಯಲ್ಲಿ ಮೂಗು, ಕಿವಿ ಅಂದಷ್ಟೇ ಸಲೀಸಾಗಿ ಬಂತು. ನನ್ನ ಬಾಯಿಗೆ ಬರುವಾಗ ಅದಕ್ಕೆ ಕನ್ನಡವೇ ಇಲ್ಲವೇನೋ ಅನ್ನಿಸಿತು. “ಹಿಂದಿನ ಕಡಿಯಿಂದ ಮಾಡ್ತಾರಂತ್ರಿ ಮಾವಾರ” ಅಂದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕುವವರಂತೆ ನೋಡುತ್ತ “ಆತು” ಅಂದರು.

ಆಮೇಲೆ ಡಾಕ್ಟರು ನೋವಿನ ವಿಷಯಕ್ಕೆ ಬಂದರು. ಮೂವತ್ತೈದರ ಆಸುಪಾಸಿನ ಸೌಮ್ಯ ಹುಡುಗ. ಕಾಗದದ ಮೇಲೆ ಗ್ರಂಥಿಯ ಚಿತ್ರ ಬರೆದು ತೋರಿಸಿದರು. ಮರಗಟ್ಟಿಸುವ ಜೆಲ್ ಅನ್ನು ಎಲ್ಲರಿಗೂ ಹಚ್ಚುತ್ತೇವೆ. ಅದರ ಮೇಲೆ, ಗ್ರಂಥಿಯ ಎರಡೂ ಬದಿಯ ನರಗಳ ಹತ್ತಿರ ಒಂದೊಂದು ಇಂಜೆಕ್ಷನ್ ಕೊಡಬಹುದು. ಆ ಚುಚ್ಚು ಸ್ವಲ್ಪ ಉರಿಯುತ್ತದೆ, ಆದರೆ ಆಮೇಲಿನ ಹನ್ನೆರಡೂ ಸುಲಭ. ಕೊಡಿಸಿಕೊಳ್ಳುವುದು ಒಳ್ಳೆಯದು, ಬೇಡ ಎನ್ನುವ ಹಕ್ಕು ಅವರಿಗಿದೆ. ಅವರು ಏನು ಹೇಳುತ್ತಾರೆ, ಕೇಳಿ.

ನಾನು ಕೇಳಿದೆ. ಮಾವನವರು ಡಾಕ್ಟರ ಕಡೆ ತಿರುಗಿ, ಕೈಯೆತ್ತಿ, ನಕ್ಕು ಅಂದರು: “ಬ್ಯಾಡ್ರಿ, ಬ್ಯಾಡ್ರಿ. ಸುಮ್ನ ನಿಮಗ ಯಾಕ ತ್ರಾಸ.”

ನಾನು ಇಂಗ್ಲಿಷಿನಲ್ಲಿ, ಬೇಡವಂತೆ, ಧನ್ಯವಾದ ಎಂದೆ.

ಡಾಕ್ಟರು ಫಾರ್ಮಿನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರು. ನೀಲಿ ಪೆನ್ನು, ಗುರುತಿನ ಬಾಲ ಪಕ್ಕದ ಚೌಕಕ್ಕೂ ಸ್ವಲ್ಪ ಹೋಯಿತು. ನನಗೆ ಅದು ಈಗಲೂ ಕಣ್ಣ ಮುಂದಿದೆ.

ಮಾವನವರನ್ನು ಎಡಮಗ್ಗುಲಿಗೆ, ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿಸಿದರು. ಜೆಲ್ ಹಚ್ಚಿ ಹತ್ತು ನಿಮಿಷ ಕಾದರು. ಆ ಹತ್ತು ನಿಮಿಷ ಮಾವನವರು ನನ್ನನ್ನು ನೋಡಲಿಲ್ಲ, ನಾನು ಅವರನ್ನು ನೋಡಲಿಲ್ಲ. ಸೂಜಿ ಒಂದು ಬಂದೂಕಿನಂಥ ಹಿಡಿಕೆಯಲ್ಲಿರುತ್ತದೆ, ಬಿಟ್ಟಾಗ ಶಬ್ದ ಬರುತ್ತದೆ, ಬೆಚ್ಚಬಾರದು ಎಂದು ಡಾಕ್ಟರು ಮೊದಲೇ ಒತ್ತಿ ತೋರಿಸಿದರು. ಚಟ್. ಸ್ಟೇಪ್ಲರ್ ಒತ್ತಿದ ಹಾಗಿತ್ತು. ನಾನು ಅದನ್ನು ಅನುವಾದಿಸಿದೆ. ಮಾವನವರು ತಲೆಯಾಡಿಸಿದರು.

ಮೊದಲನೆಯ ಚಟ್‌ಗೆ ಅವರ ಕಣ್ಣು ತೆರೆಯಿತು. ಎರಡನೆಯದಕ್ಕೆ ಮುಚ್ಚಿತು. ಮೂರನೆಯದಾದ ಮೇಲೆ ನರ್ಸು ಪರದೆಯ ಈಚೆಗೆ ಬಂದು ಒಂದು ಪ್ಲಾಸ್ಟಿಕ್ ಹೊದಿಕೆಯ ಕಾರ್ಡು ಹಿಡಿದಳು. ನಗುವ ಮುಖದಿಂದ ಹಿಡಿದು ಅಳುವ ಮುಖದವರೆಗೆ ಆರು ಮುಖ, ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ.

“ಕಾಕಾ, ಕಿತಿ ದುಖತಂಯ?” ಎಂದು ಕೇಳಿದಳು.

ಎಷ್ಟು ನೋಯುತ್ತಿದೆ ಎಂದು ನಾನು ಮತ್ತೆ ಕನ್ನಡದಲ್ಲಿ ಕೇಳಿ, ಹತ್ತಕ್ಕೆ ಎಷ್ಟು ಎಂದು ಹೇಳಬೇಕು ಎಂದೆ. ಮಾವನವರು ಕಾರ್ಡನ್ನು ಬಹಳ ಹೊತ್ತು ನೋಡಿದರು.

“ಎಷ್ಟ ಅನ್ನೂ ಪದ್ಧತಿ ಅದವಾ?”

“ಪದ್ಧತಿ ಏನಿಲ್ರಿ. ನಿಮಗ ಎಷ್ಟ ಆಗೇದ ಅಷ್ಟ ಹೇಳ್ರಿ.”

“ಎರಡ ಅನ್ನು.”

ನಾನು ಎರಡು ಎಂದೆ. ನರ್ಸು ಎರಡು ಎಂದು ಬರೆದುಕೊಂಡಳು. ಅವರ ಮೇಲ್ದುಟಿಯ ಮೇಲೆ, ಬಿಳಿ ಮೀಸೆಯ ಕೆಳಗೆ, ಬೆವರಿನ ಸಣ್ಣ ಹನಿಗಳು ಸಾಲಾಗಿ ನಿಂತಿದ್ದವು. ಏಸಿ ಜೋರಾಗಿತ್ತು, ನಾನು ಸೆರಗು ಹೊದ್ದುಕೊಂಡಿದ್ದೆ. ಬೆವರು ಯಾಕೆ ಎಂದು ನಾನು ಕೇಳಬೇಕಿತ್ತು. ಆದರೆ ನನ್ನ ಕೆಲಸ ಅವರು ಹೇಳಿದ್ದನ್ನು ಹೇಳುವುದೋ, ನಾನು ನೋಡಿದ್ದನ್ನೂ ಹೇಳುವುದೋ? ದುಭಾಷಿ ಎಂದು ಬರೆದವರು ಇದನ್ನು ಬಿಡಿಸಿ ಹೇಳಿರಲಿಲ್ಲ.

ಆರನೆಯದಾದ ಮೇಲೆ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಹಾಸಿಗೆಯ ಅಂಚು ಹಿಡಿದಿದ್ದ ಕೈ ತಾನಾಗಿಯೇ ಬಿಟ್ಟುಕೊಂಡಿತು. “ಮಾವಾರ” ಎಂದೆ. ಉತ್ತರ ಬರಲಿಲ್ಲ. ಯಂತ್ರವೊಂದು ಕೂಗತೊಡಗಿತು. ನಾಡಿ ನಲವತ್ತಕ್ಕೆ ಇಳಿದಿದೆ ಎಂದು ಯಾರೋ ಅಂದರು. ಕಾಲು ಎತ್ತಿ ಹಿಡಿದರು, ಸಲೈನ್ ಜೋರಾಗಿ ಬಿಟ್ಟರು. ಎರಡು ನಿಮಿಷದಲ್ಲಿ ಅವರು ಕಣ್ಣು ಬಿಟ್ಟು, ಎಲ್ಲರನ್ನೂ ನೋಡಿ, ನನಗೆ ಮೆಲ್ಲಗೆ ಅಂದರು: “ಎಲ್ಲಾರಿಗೂ ತ್ರಾಸ ಆತು.”

ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

ಆಸ್ಪತ್ರೆಯಿದ್ದ ಕ್ಯಾಂಪಿನಿಂದ ನಿಗಡಿಯವರೆಗೆ ರಸ್ತೆಯಲ್ಲಿ ಇಷ್ಟು ಉಬ್ಬುಗಳಿವೆ ಎಂದು ನನಗೆ ಅಂದೇ ಗೊತ್ತಾದದ್ದು. ಟ್ಯಾಕ್ಸಿಯವನಿಗೆ “ಹಳು, ಹಳು” ಎಂದು ಹೇಳುತ್ತ ಬಂದೆ, ನಿಧಾನ, ನಿಧಾನ. ಮಾವನವರು ಒಂದು ಬದಿಗೆ ವಾಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದರು. ಪ್ರತಿ ಉಬ್ಬಿಗೂ ಅವರ ಕೈ ಮುಂದಿನ ಸೀಟಿನ ಬೆನ್ನನ್ನು ಮುಟ್ಟಿ ಹಿಂದಕ್ಕೆ ಬರುತ್ತಿತ್ತು. ದಾಪೋಡಿ ದಾಟಿದ ಮೇಲೆ ಒಮ್ಮೆ ಕೇಳಿದೆ, “ನೋಯಾಕತ್ತೇದೇನ್ರಿ?”

“ಛೇ, ಛೇ.”

ನಾನು ನಂಬಿದೆ. ಅಥವಾ ನಂಬಲಿಲ್ಲ. ಎರಡೂ ಒಟ್ಟಿಗೆ ಆಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ವಾರದ ಮೇಲೆ ವರದಿ ಬಂತು. ಆರು ಚೂರುಗಳೂ ಬಲಭಾಗದವು, ಅವುಗಳಲ್ಲಿ ಏನೂ ಇರಲಿಲ್ಲ. ತೊಗರಿಕಾಳು ಇದ್ದದ್ದು ಎಡಭಾಗದಲ್ಲಿ. ಅಂದರೆ ಆ ಬೆಳಗಿನ ಕಷ್ಟವೆಲ್ಲ ಆಗಿ, ನಮಗೆ ಗೊತ್ತಾಗಬೇಕಾದದ್ದು ಮಾತ್ರ ಗೊತ್ತಾಗಿರಲಿಲ್ಲ. ಐದು ವಾರ ಬಿಟ್ಟು ಮತ್ತೆ ಮಾಡಬೇಕು, ಅದಕ್ಕಿಂತ ತಡ ಮಾಡುವುದು ಬೇಡ ಎಂದರು ಡಾಕ್ಟರು.

ನನ್ನ ಗಂಡ ಊಟದ ಹೊತ್ತಿಗೆ ವಿಷಯ ತೆಗೆದರು. ಮಾವನವರು ರೊಟ್ಟಿ ಮುರಿಯುತ್ತ, “ನಾ ಒಲ್ಲೆಪಾ. ಆದದ್ದ ಆಗ್ಲಿ” ಅಂದರು. ಮಗ ಎರಡನೆಯ ಮಾತಾಡಲಿಲ್ಲ. ಅಪ್ಪ ಒಲ್ಲೆ ಅಂದರೆ ಮುಗಿಯಿತು ಎಂದು ಅವರ ಲೆಕ್ಕ. ನನ್ನದೂ ಅದೇ ಲೆಕ್ಕ.

ಅತ್ತೆಯವರು ಚಟ್ನಿಪುಡಿಗೆ ಎಣ್ಣೆ ಬಡಿಸುತ್ತಿದ್ದರು. ಮರುದಿನ ಅಡುಗೆಮನೆಯಲ್ಲಿ, ಹೆಸರುಕಾಳು ಆರಿಸುತ್ತ ಕೇಳಿದರು: “ಅಲ್ಲವಾ, ಆ ಮರಗಟ್ಟೂ ಸೂಜಿ ಯಾಕ ಹಾಕ್ಲಿಲ್ಲ?”

“ಕೇಳಿದ್ರಿ ಅತ್ತಿ. ಮಾವಾರ ಬ್ಯಾಡ ಅಂದ್ರು.”

“ಎಷ್ಟ ಸಲ ಕೇಳಿದ್ರು?”

“ಒಂದ್ ಸಲ.”

ಅತ್ತೆ ಕಾಳು ಬಿಟ್ಟು ನನ್ನ ಮುಖ ನೋಡಿದರು. “ಒಂದ್ ಸಲ ಕೇಳಿದ್ರ ಯಾರರ ಹೂಂ ಅಂತಾರೇನು?”

ನಾನು ಹಿಡಿದಿದ್ದ ಚಮಚವನ್ನು ಕೆಳಗಿಟ್ಟೆ.

ಮದುವೆಯಾದ ಹೊಸದರಲ್ಲಿ ಇದನ್ನು ನಾನು ಕಷ್ಟಪಟ್ಟು ಕಲಿತವಳು. ಕಾನ್ವೆಂಟಿನ ಊಟದ ಹಾಲಿನಲ್ಲಿ ಸಿಸ್ಟರು ಬಟ್ಟಲು ಹಿಡಿದು ಒಂದೇ ಸಲ ಕೇಳುತ್ತಿದ್ದರು. ಬೇಕಾದರೆ ಬೇಕು ದಯವಿಟ್ಟು, ಬೇಡವಾದರೆ ಬೇಡ ಧನ್ಯವಾದ. ಬೇಕಿದ್ದೂ ಬೇಡ ಅಂದವಳಿಗೆ ಮತ್ತೆ ಬಟ್ಟಲು ಬರುತ್ತಿರಲಿಲ್ಲ; ಅದು ಸುಳ್ಳು ಹೇಳಿದ ಹಾಗೆ. ಗುಳೇದಗುಡ್ಡದ ಮನೆಯಲ್ಲಿ ಮೊದಲ ದಿನ ಹೋಳಿಗೆ ಬೇಕೇನು ಎಂದಾಗ ನಾನು ಹೂಂ ಎಂದುಬಿಟ್ಟೆ. ಪಂಕ್ತಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿ ನೋಡಿದರು. ನನ್ನ ಅಪ್ಪ ನಿಜವಾಗಿಯೇ ಹೊಟ್ಟೆ ತುಂಬಿ ಬೇಡ ಅಂದರು, ಅವರ ಎಲೆಗೆ ಒಂದರ ಮೇಲೊಂದು ಮೂರು ಹೋಳಿಗೆ ಬಿದ್ದವು. ಅಲ್ಲಿ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳಿದಾಗ ಮನುಷ್ಯ ತನ್ನ ಹೊಟ್ಟೆಯನ್ನು ಕೇಳಿ ಉತ್ತರ ಕೊಡುತ್ತಾನೆ. ಇದನ್ನು ಉಪಚಾರ ಎನ್ನುತ್ತಾರೆ. ಒಂದೇ ಸಲ ಕೇಳಿ ಬಿಡುವ ಮನೆಗೆ ಹೋಗಿ ಬಂದರೆ ಮಾವನವರು, “ಕೇಳಿದಂಗ ಮಾಡಿದ್ರು” ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷ, ಊರಲ್ಲೂ ಇಲ್ಲೂ, ಈ ಮನೆಯವರಿಗೆ ನಾನೇ ಬಡಿಸಿದ್ದೇನೆ. ಮಾವನವರ ತಟ್ಟೆಗೆ ಎರಡನೆಯ ರೊಟ್ಟಿಯನ್ನು ಅವರ ಬೇಡವನ್ನು ದಾಟಿಕೊಂಡೇ ಹಾಕಿದ್ದೇನೆ. ಆಸ್ಪತ್ರೆಯ ಕುರ್ಚಿಯಲ್ಲಿ ಇಂಗ್ಲಿಷ್ ಮಾತಾಡಲು ಕುಳಿತ ಕೂಡಲೇ ಕಾನ್ವೆಂಟಿನ ಸಿಸ್ಟರ ಹುಡುಗಿಯಾಗಿಬಿಟ್ಟೆನಲ್ಲ.

“ನಿಮ್ಮ ಮಾವ ಮದ್ವಿಗೂ ಮೊದ್ಲ ಬ್ಯಾಡ ಅಂದಿದ್ರು” ಎಂದರು ಅತ್ತೆ. “ನಮ್ಮಪ್ಪ ಮೂರನೇ ಸಲ ಹೋದಾಗ ಹೂಂ ಅಂದ್ರು. ಒಂದ್ ಸಲಕ್ಕ ಬಿಟ್ಟಿದ್ರ ನಾ ಪಾರಾಗ್ತಿದ್ದೆ.”

“ಮತ್ತ ಖರೇನ ಬ್ಯಾಡಾಗಿದ್ರ ಹೆಂಗ ಗೊತ್ತಾಗ್ತದ್ರಿ ಅತ್ತಿ?”

“ಅದಕ್ಕ ಬಾಯಿ ಯಾಕ ನೋಡ್ತಿ. ಕೈ ನೋಡು.”

ಹೌದು, ಅದೂ ಇತ್ತು. ನಿಜವಾಗಿ ಬೇಡವಾದವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮೈಯನ್ನೇ ಬಾಗಿಸಿ ಮುಚ್ಚುತ್ತಾರೆ. ಆಮೇಲೆ ಯಾರೂ ಬಡಿಸುವುದಿಲ್ಲ.

ಮಾವನವರು ಮತ್ತೆ ಹೋಗಲು ಒಪ್ಪಿದ್ದು ನಮ್ಮ ಯಾರ ಉಪಚಾರದಿಂದಲೂ ಅಲ್ಲ. ಒಂದು ಮಧ್ಯಾಹ್ನ ಪೇಪರು ಮಡಚುತ್ತ ತಾವಾಗಿ ಕೇಳಿದರು: “ಆ ಡಾಕ್ಟರ್ ಹುಡುಗಗ ಬ್ಯಾಸರ ಆಗಿರಬೇಕಲ್ಲವಾ? ಹನ್ನೆರಡ ತಗೀಬೇಕಂದಾಂವ ಆರಕ್ಕ ನಿಂತ.” ಅರ್ಧ ಹರಿದ ಖಣವನ್ನು ಬಿಟ್ಟು ಎದ್ದುಹೋದ ಗಿರಾಕಿ ತಾನಾದೆ ಎಂಬ ಸಂಕಟ ಅವರದು. ಮರುದಿನ, “ಹೋಗಿ ಮುಗಿಸಿ ಬರೂಣು” ಅಂದರು. ಜೊತೆಗೇ, “ಹೋದ ಸಲದಂಗನ. ಹೆಚ್ಚಿಂದೇನೂ ಬ್ಯಾಡ” ಎಂದೂ ಸೇರಿಸಿದರು.

ಈ ಬಾರಿ ರಜೆ ಹಾಕಿ ತಾನೇ ಒಳಗೆ ಬರುತ್ತೇನೆ ಎಂದ ಮಗನಿಗೆ ಅವರು, “ನೀ ಹೊರಗ ಕುಂಡ್ರು. ಆಕಿ ಬರ್ಲಿ” ಅಂದರು. ಯಾಕೆ ಎಂದು ನನಗೆ ತಿಳಿಯಲಿಲ್ಲ. ನಾಚಿಕೆಯಾಗಬೇಕಾದದ್ದು ಸೊಸೆಯ ಮುಂದೆ ಅಲ್ಲವೇ?

ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಆ ‘ಹೆಚ್ಚಿಂದೇನೂ ಬ್ಯಾಡ’ ಎಷ್ಟನೆಯ ಬೇಡ? ಮೊದಲನೆಯದು ಐದು ವಾರ ಹಿಂದಿನದಾದರೆ ಇದು ಎರಡನೆಯದೋ, ಅಥವಾ ಹೊಸದಾಗಿ ಎಣಿಸಬೇಕೋ? ಅವರಿಗೆ ನಿಜಕ್ಕೂ ಸೂಜಿ ಬೇಡವಾಗಿದ್ದರೆ, ಬೇಕಾಗಿದೆ ಎಂದು ಹೇಳಲು ನಾನು ಯಾರು?

ಎರಡನೆಯ ಬಯಾಪ್ಸಿಯ ಹಿಂದಿನ ವಾರ ನಾನೊಬ್ಬಳೇ ಡಾಕ್ಟರ ಬಳಿ ಹೋದೆ. ನಾಲ್ಕು ರೋಗಿಗಳ ನಂತರ ಕರೆದರು. ಹೋದ ಸಲ ನನ್ನ ಅನುವಾದದಲ್ಲಿ ತಪ್ಪಾಯಿತು ಎಂದೆ. ಮಾತು ಸರಿಯಿತ್ತು, ಆದರೂ ತಪ್ಪಾಯಿತು. ಹೋಳಿಗೆಯಿಂದ ಹಿಡಿದು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಹುಚ್ಚಾಗಿ ಕೇಳತೊಡಗಿತು. ಡಾಕ್ಟರು ಪೆನ್ನು ತಿರುಗಿಸುತ್ತ ಕೇಳಿದರು.

“ಮ್ಹಣಜೆ, ಆಗ್ರಹ ಕರಾಯಚಾ” ಎಂದರು. ಅಂದರೆ ಒತ್ತಾಯ ಮಾಡಿ ಬಡಿಸಬೇಕು. ಆಮೇಲೆ ನಕ್ಕರು. “ನಾನು ಪುಣೆಯವನು ಮ್ಯಾಡಮ್. ನಮ್ಮಲ್ಲಿ ಚಹಾ ಒಂದೇ ಸಲ ಕೇಳೋದು. ಅದೂ ಕೇಳಿದರೆ.”

ನಾನೂ ನಕ್ಕೆ. ಆದರೆ ಅವರು ಗಂಭೀರರಾದರು. ರೋಗಿ ಬೇಡ ಎಂದ ಮೇಲೆ ತಾನು ಸೂಜಿ ಹಾಕಿದರೆ ಅದು ತಪ್ಪು. ಸೊಸೆ ಹೇಳಿದರೂ ತಪ್ಪು, ಮಗ ಸಹಿ ಮಾಡಿದರೂ ತಪ್ಪು. ಹೆಂಗಸರು ಬೇಡ ಅಂದದ್ದನ್ನು ಬೇಕು ಎಂದು ಓದಿಕೊಂಡ ಡಾಕ್ಟರುಗಳ ಕಥೆ ನೀವೂ ಕೇಳಿರುತ್ತೀರಿ, ಅಲ್ಲವೇ ಎಂದರು. ಕೇಳಿದ್ದೆ. ಅವರು ಹೇಳುವುದು ಸರಿಯಾಗಿತ್ತು. ಅತ್ತೆ ಹೇಳಿದ್ದೂ ಸರಿಯಾಗಿತ್ತು. ನಾನು ಕೈಚೀಲದ ಜಿಪ್ಪನ್ನು ಹಾಕುತ್ತ ತೆಗೆಯುತ್ತ ಕುಳಿತೆ.

“ಮೂರು ಸಲ ಕೇಳುವುದಕ್ಕೆ ಏನಾದರೂ ಅಡ್ಡಿಯಿದೆಯೇ?” ಎಂದು ಕೊನೆಗೆ ಕೇಳಿದೆ.

ಅವರು ಯೋಚಿಸಿದರು. ಕೇಳುವುದಕ್ಕೆ ಅಡ್ಡಿಯಿಲ್ಲ, ಆದರೆ ಮೂರನೆಯ ಉತ್ತರವೇ ಕೊನೆಯದು, ಅದು ಏನೇ ಇರಲಿ. ಇಂಜೆಕ್ಷನ್ ಅನ್ನು ತುಂಬಿ ಪಕ್ಕದಲ್ಲಿಟ್ಟುಕೊಳ್ಳುವೆ ಎಂದರು. ಆಮೇಲೆ, ನಿಮ್ಮ ಮನೆಯಲ್ಲಿ ಬಡಿಸುವವರು ಏನನ್ನುತ್ತಾರೆ ಎಂದು ಕೇಳಿದರು. ಔಷಧಿ ಚೀಟಿಯ ಹಿಂದೆ ನಾನು ದೇವನಾಗರಿಯಲ್ಲಿ ಬರೆದುಕೊಟ್ಟೆ: ಸ್ವಲ್ಪ ತಗೋರಿ.

ಎರಡನೆಯ ಬಯಾಪ್ಸಿಯ ಬೆಳಿಗ್ಗೆ ಅದೇ ಕೋಣೆ, ಅದೇ ಪರದೆ. ಒಂದು ಕೊಂಡಿ ಸರಿಮಾಡಿದ್ದರು, ಎರಡು ಹಾಗೇ ಇದ್ದವು.

ಮೇಜಿನ ಬಳಿ ಡಾಕ್ಟರು ಮೊದಲ ಸಲ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ. “ಬ್ಯಾಡ್ರಿ, ಸುಮ್ನ ಯಾಕ” ಎಂದು ಮಾವನವರು ನಕ್ಕರು. ಡಾಕ್ಟರು ಫಾರ್ಮಿನ ಆ ಸಾಲನ್ನು ಖಾಲಿ ಬಿಟ್ಟರು. ಕೈಗೆ ಸೂಜಿ ಚುಚ್ಚಿ ಸಲೈನಿನ ಪಟ್ಟಿ ಅಂಟಿಸುವಾಗ ನರ್ಸು ಎರಡನೆಯ ಸಲ ಕೇಳಿದಳು. “ನಕೋ, ನಕೋ” ಎಂದು ಮರಾಠಿಯಲ್ಲೇ ಉತ್ತರ. ಈ ಸಲ ನಗಲಿಲ್ಲ. ನಗದ ಬೇಡ ನಿಜವಾದದ್ದೋ ಏನೋ.

ಮಲಗಿಸಿ, ಜೆಲ್ ಹಚ್ಚಿ, ಹತ್ತು ನಿಮಿಷ ಕಾದ ಮೇಲೆ ಡಾಕ್ಟರು ಪರದೆ ಸರಿಸಿ ಈಚೆಗೆ ಬಂದರು. ಮಾವನವರ ಮುಖದ ಮಟ್ಟಕ್ಕೆ ಮೊಣಕಾಲೂರಿ ಕುಳಿತರು. ಕೈಗವಸು ಹಾಕಿದ ಕೈಗಳನ್ನು ಏನಕ್ಕೂ ತಾಗದಂತೆ ಎತ್ತಿ ಹಿಡಿದಿದ್ದರು.

“ಕಾಕಾ” ಎಂದರು. ಆಮೇಲೆ ಕಷ್ಟಪಟ್ಟು, ಒಂದೊಂದೇ ಅಕ್ಷರ ಹೆಕ್ಕಿ: “ಸ್ವಲ್ಪ ತಗೋರಿ.”

ಮಾವನವರು ಕಣ್ಣು ತೆರೆದರು. ಡಾಕ್ಟರನ್ನು ನೋಡಿದರು, ನನ್ನನ್ನು ನೋಡಿದರು. ಇದು ಯಾರ ಕಿತಾಪತಿ ಎಂದು ಅವರಿಗೆ ತಿಳಿಯಿತು ಅನ್ನಿಸಿ ನಾನು ತಲೆ ತಗ್ಗಿಸಿದೆ. ನನ್ನ ಕಣ್ಣು ಅವರ ಕೈ ಮೇಲಿತ್ತು. ಮೇಲಿದ್ದ ಬಲಗೈ ಅಲುಗಾಡಿತು. ನಿಧಾನವಾಗಿ ಎದ್ದಿತು. ಎದೆಯವರೆಗೆ ಬಂತು. ಇನ್ನೊಂದು ಕೈಯೂ ಎದ್ದರೆ ಅಲ್ಲಿಗೆ ಮುಗಿಯಿತು, ನಾನು ಬೇಡ ಎಂದೇ ಹೇಳಬೇಕು, ಮತ್ತೆ ಹನ್ನೆರಡು ಸಲ ಆ ಮುಖವನ್ನು ನೋಡುತ್ತ ಕೂರಬೇಕು.

ಕೈ ಮೀಸೆಯವರೆಗೆ ಹೋಗಿ, ಅದನ್ನೊಮ್ಮೆ ಸವರಿ, ಕೆಳಗಿಳಿಯಿತು.

“ನೀವು ಇಷ್ಟ ಹೇಳಾಕತ್ತೀರಿ” ಎಂದರು ಮಾವನವರು. “ಹಾಕ್ರಿ. ಸ್ವಲ್ಪ.”

ನಾನು ಇಂಗ್ಲಿಷಿಗೆ ತಿರುಗಿಸಿದೆ. ಡಾಕ್ಟರು ನನ್ನನ್ನು ನೋಡಿದರು. ಸ್ವಲ್ಪ ಎಂದರೆ ಎಷ್ಟು, ಅರ್ಧವೇ?

ಪೂರ್ತಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ನಮ್ಮ ಮನೆಯಲ್ಲಿ ಸ್ವಲ್ಪ ಎಂದವರಿಗೆ ಯಾರೂ ಅರ್ಧ ಹೋಳಿಗೆ ಹಾಕುವುದಿಲ್ಲ. ಆದರೆ ಹೋದ ಸಲ ಮತ್ತೊಮ್ಮೆ ಕೇಳದೆ ಹೇಳಿದ್ದಕ್ಕೇ ಅಷ್ಟಾಗಿತ್ತು. ಮಾವನವರ ಕಡೆ ಬಾಗಿ, “ಎರಡೂ ಕಡೆ ಪೂರ್ತಿ ಔಷಧ ಹಾಕ್ತಾರಂತ್ರಿ. ಮೊದಲ ಒಂದೀಟ ಉರೀತದಂತ. ನಡೀತದೇನ್ರಿ?” ಎಂದು ಕೇಳಿದೆ.

“ಬಡಸಾಂವ ಅಂವ. ಅಂವಗ ಗೊತ್ತಿರ್ತದ.”

ಫಾರ್ಮಿಗೆ ಮಲಗಿದ ಹಾಗೇ ಸಹಿ ಮಾಡಿದರು. ಡಾಕ್ಟರು ಆಚೆಗೆ ಹೋದರು. ಮೊದಲ ಚುಚ್ಚಿಗೆ ಮಾವನವರ ಹುಬ್ಬು ಗಂಟಿಕ್ಕಿತು, ಎರಡನೆಯದಕ್ಕೂ. ಮತ್ತೆ ಐದು ನಿಮಿಷ ಕಾದರು. ಆಮೇಲೆ ಚಟ್. ನಾನು ಮುಖ ನೋಡಿದೆ. ಕಣ್ಣು ತೆರೆದೇ ಇತ್ತು. ಮತ್ತೊಂದು ಚಟ್. ಅವರು ಪರದೆಯ ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡುತ್ತಿದ್ದರು. “ಇದು ಟೆರಿಕಾಟ್. ನೀರ ಹೀರೂದಿಲ್ಲ ಏನಿಲ್ಲ” ಎಂದರು.

ಮೂರನೆಯದಾದ ಮೇಲೆ ನರ್ಸು ಕಾರ್ಡು ತಂದಳು. ನಾನು ಅವಳ ಕೈಯಿಂದ ಅದನ್ನು ಮೆಲ್ಲಗೆ ಕೆಳಗಿಳಿಸಿ, ಕೇಳಿದೆ: “ಮಾವಾರ, ಇರಿವಿ ಕಡದಂಗ ಐತೋ, ಚೇಳ ಕಡದಂಗೋ?”

“ಇರಿವಿ. ಅದೂ ಸಣ್ಣದು.”

“ಹೋದ ಸಲ?”

ಆಚೆ ಇನ್ನೊಂದು ಚಟ್ ಆಯಿತು.

“ಚೇಳು” ಎಂದರು.

“ಎರಡ ಅಂದಿದ್ರಲ್ರೀ.”

“ಮಗಳ ಮುಂದ ಹತ್ತ ಅಂತ ಹೆಂಗ ಅನ್ಲಿ? ನೀ ಹೆದರ್ತಿದ್ದಿ.” ಮತ್ತೆ ಪರದೆಯ ಬಟ್ಟೆಗೆ ಬೆರಳು ಹೋಯಿತು. “ಮಗನ ಮುಂದಾಗಿದ್ರ ಸೊನ್ನಿ ಅಂತಿದ್ದೆ.”

ನರ್ಸು ಎಷ್ಟು ಬರೆಯಲಿ ಎಂದು ಕೇಳಿದಳು. ಸಣ್ಣ ಇರುವೆ ಹತ್ತಕ್ಕೆ ಎಷ್ಟು ಎಂದು ಗೊತ್ತಾಗಲಿಲ್ಲ. ಎರಡು ಎಂದೆ. ಹೋದ ಸಲದ ಎರಡು, ಈ ಸಲದ ಎರಡು, ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಈಗಲೂ ಇರಬೇಕು.

ಹನ್ನೆರಡು ಮುಗಿದು, ತೊಗರಿಕಾಳಿನ ಜಾಗದಿಂದ ಇನ್ನೆರಡು ಹೆಚ್ಚಿಗೆ ತೆಗೆದರು. ಹದಿನಾಲ್ಕು ಸಣ್ಣ ಸೀಸೆಗಳು, ಒಂದೊಂದರಲ್ಲೂ ಬಿಳಿ ದಾರದ ತುಣುಕು. ಮಾವನವರು ಎದ್ದು ಕುಳಿತು, “ಎಲ್ಲಾ ಮುಗೀತಲಾ? ಏನೂ ಉಳದಿಲ್ಲಲಾ?” ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ದಾರಿಯಲ್ಲಿ ಮಗ ಕಾರು ನಿಧಾನವಾಗಿ ಓಡಿಸುತ್ತಿದ್ದರು. “ಎತ್ತಿನ ಬಂಡಿ ಹೊಡ್ಯಾಕತ್ತೀಯೇನು? ಹೋಗು ಹೋಗು” ಎಂದು ಮಾವನವರು ಬೈದರು.

ವರದಿಗೆ ಹತ್ತು ದಿನ ಹಿಡಿಯಿತು. ಅದನ್ನು ಕೇಳಲು ನಾವಿಬ್ಬರೇ ಹೋದೆವು. ಮಾವನವರು ಫೈಲನ್ನು ಖಣದ ಚೀಲದಲ್ಲಿ ಹಾಕಿಕೊಂಡು, ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. ಎಡಭಾಗದ ಎರಡು ಚೂರುಗಳಲ್ಲಿ ಕ್ಯಾನ್ಸರ್ ಇದೆ ಎಂದರು ಡಾಕ್ಟರು. ಕಡಿಮೆ ದರ್ಜೆಯದು, ನಿಧಾನದ್ದು, ಗ್ರಂಥಿಯ ಒಳಗೇ ಇರುವಂಥದ್ದು. ಈಗಲೇ ಕೊಯ್ಯಬೇಕಿಲ್ಲ, ಕಿರಣವೂ ಬೇಡ. ಕೆಲ ತಿಂಗಳಿಗೊಮ್ಮೆ ರಕ್ತ ನೋಡುತ್ತ, ಕಣ್ಣಿಟ್ಟು ಕಾಯೋಣ. ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ. ಕ್ಯಾನ್ಸರ್ ಎಂಬ ಶಬ್ದಕ್ಕೆ ಅನುವಾದ ಬೇಕಾಗಲಿಲ್ಲ, ಅವರಿಗೆ ಅದು ನನಗಿಂತ ಮೊದಲೇ ಕೇಳಿಸಿತ್ತು. ಇದೆ ಅಂದರು, ಆದರೆ ಏನೂ ಮಾಡುವುದಿಲ್ಲ ಅಂದರು. ಸಮಾಧಾನಪಡಬೇಕೋ ಗಾಬರಿಯಾಗಬೇಕೋ ನನಗೆ ತಿಳಿಯದೆ, ಅವರ ಮುಖ ನೋಡಿದೆ. ಅವರು ಕ್ಯಾಲೆಂಡರ್ ನೋಡುತ್ತಿದ್ದರು.

ಒಂದೇ ಒಂದು ಮಾತು, ಎಂದರು ಡಾಕ್ಟರು. ಈ ಕಾಯುವಿಕೆ ಸುರಕ್ಷಿತವಾಗಿರಬೇಕಾದರೆ ವರ್ಷದ ಮೇಲೆ ಇನ್ನೊಮ್ಮೆ ಬಯಾಪ್ಸಿ ಆಗಬೇಕು. ಅದಕ್ಕೆ ಅವರು ಬರದಿದ್ದರೆ, ಅದು ಬೆಳೆಯುತ್ತಿದೆಯೇ ಎಂದು ನಮಗೆ ಹೊತ್ತಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಬರುತ್ತಾರೆಯೇ, ಕೇಳಿ.

ನಾನು ಕೇಳಿದೆ.

“ಬ್ಯಾಡ್ರಿ” ಎಂದರು ಮಾವನವರು.

ಡಾಕ್ಟರು ಫೈಲಿನ ಮೇಲೆ ಬರೆಯಲು ಹೋದವರು ನಿಂತರು. ನನ್ನನ್ನು ನೋಡಿದರು. ಇದು ಮೊದಲನೆಯದೋ ಕೊನೆಯದೋ ನನಗೂ ಗೊತ್ತಿರಲಿಲ್ಲ. ನಾನು ಮಾವನವರ ಕೈ ನೋಡಿದೆ. ಒಂದು ಕೈ ಖಣದ ಚೀಲದ ಹಿಡಿಯಲ್ಲಿತ್ತು, ಇನ್ನೊಂದು ಮೊಣಕಾಲ ಮೇಲೆ ಅಂಗಾತವಾಗಿ ಬಿದ್ದಿತ್ತು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ಅದನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಎರಡನೆಯ ಸಲ ಕೇಳಿದರು.